ಸೋಲಿನ ಮೇಲೆ ಸೋಲು: ನೆತ್ತದ ಹಲಗೆಯೂ ಎರೆಯ ಹೊಲವೂ

ಸಪ್ತವ್ಯಸನಗಳಲ್ಲಿ ದ್ಯೂತವನ್ನು ಎಣಿಸದ ನೀತಿಗ್ರಂಥವು ನಮ್ಮಲ್ಲಿ ದೊರೆಯುವದು ದುರ್ಲಭ. ಜೂಜಾಡಬಾರದೆಂಬ ಉಪದೇಶಕ್ಕೆ ಈ ನಾಡಿನಲ್ಲಿ ಎಂದೂ ಬರಗಾಲ ಬಂದುದಿಲ್ಲ. ಆದರೆ ಆಡಿದವನು ಒಂದು ಸಲವಲ್ಲ, ಹತ್ತು ಸಲ ಒಂದೇ ಸಮನೆ ಸೋತಾಗ ಅವನ ಮನಸ್ಸಿನ ಗತಿ ಏನಾಗುವದು, ಅದು ನೆಟ್ಟಗೆ ನಿಲ್ಲಬೇಕಾದರೆ ಯಾವುದರ ಆಸರೆ ಬೇಕು ಎಂಬುದನ್ನು ವಿಚಾರಿಸಿದವರು ಮಾತ್ರ ವಿರಳ. ಉಪದೇಶವು ಆಟಕ್ಕೆ ಮೊದಲು ಸಲ್ಲುವ ಮಾತು. ಸೋಲಿನ ನಡುವೆ ಕುಳಿತವನ ಕಿವಿಗೆ ಅದು ಬೀಳುವದಿಲ್ಲ. ಈ ಲೇಖದಲ್ಲಿ ನಾವು ಆ ನಡುವಿನ ಹೊತ್ತನ್ನೇ ಕುರಿತು, ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಇತಿಹಾಸವನ್ನು ಎದುರಿಗೆ ಇಟ್ಟುಕೊಂಡು, ಸ್ವಲ್ಪ ವಿಚಾರಿಸಬೇಕೆಂದಿರುವೆವು. ಜೂಜಿಗೂ ಈ ನಾಲ್ಕು ತಾಲೂಕುಗಳಿಗೂ ಏನು ಸಂಬಂಧವೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಸಂಬಂಧವು ಬಹು ಹಳೆಯದು. ಅದನ್ನು ಋಗ್ವೇದದಿಂದಲೇ ಹಿಡಿಯಬೇಕಾಗುತ್ತದೆ.

ಋಗ್ವೇದದ ಹತ್ತನೆಯ ಮಂಡಲದಲ್ಲಿ 34ನೆಯದಾದ ಅಕ್ಷಸೂಕ್ತವೆಂಬುದೊಂದುಂಟು. ದೇವತೆಗಳ ಸ್ತುತಿಗಳ ನಡುವೆ ಜೂಜುಗಾರನೊಬ್ಬನು ತನ್ನ ದುರವಸ್ಥೆಯನ್ನು ತಾನೇ ತೋಡಿಕೊಳ್ಳುವ ಈ ಸೂಕ್ತವು ಜಗತ್ತಿನ ಪ್ರಾಚೀನ ವಾಙ್ಮಯದಲ್ಲಿಯೇ ಅಪೂರ್ವವಾದುದು. ಅತ್ತೆ ಅವನನ್ನು ದ್ವೇಷಿಸುವಳು, ಹೆಂಡತಿ ದೂರ ಸರಿಸುವಳು, ಸಾಲಗಾರರ ಭಯದಿಂದ ಅವನು ರಾತ್ರಿ ಹೊತ್ತು ಪರರ ಮನೆಯನ್ನು ಸೇರುವನು. ಇನ್ನು ಆಡಲಾರೆನೆಂದು ಅವನು ನಿಶ್ಚಯಿಸುವನು. ಆದರೆ ಕಾಯಿಗಳ ಸಪ್ಪಳವು ಕೇಳಿಬಂದ ಕೂಡಲೆ ಆ ನಿಶ್ಚಯವು ಕರಗಿಹೋಗುವದು. ಸೋಲಿನ ಸರಣಿಯಲ್ಲಿ ಸಿಕ್ಕವನ ಮನಸ್ಸನ್ನು ಇದಕ್ಕಿಂತ ನಿಜವಾಗಿ ತೋರಿಸಿದ ಬರಹವು ಮುಂದಿನ ಕಾಲದಲ್ಲಿಯೂ ಹೆಚ್ಚಾಗಿ ಇಲ್ಲ. ಕಡೆಗೆ ಸವಿತೃದೇವನಿಂದ ಅವನಿಗೆ ಬರುವ ಬೋಧೆಯು ಇಷ್ಟೇ: ಆಟವನ್ನು ತೊರೆದು ಬೇಸಾಯವನ್ನು ಹಿಡಿಯಬೇಕು, ಅಲ್ಲಿಯೇ ದನಗಳೂ ಹೆಂಡತಿಯೂ ಇರುವರು.

ಸಿಂಧೂ ಸರಸ್ವತಿಗಳ ದಡದಲ್ಲಿ ಕುಳಿತ ಋಷಿಗೆ ಬೇಸಾಯವು ಜೂಜಿಗೆ ವಿರುದ್ಧವಾದ ಸ್ಥಿರಪದಾರ್ಥವಾಗಿ ಕಂಡಿರಬಹುದು. ನಮ್ಮ ಭೀಮಾ ಕೃಷ್ಣೆಗಳ ನಡುವಣ ಎರೆಯ ನೆಲವನ್ನು ಅವನು ಕಂಡಿರಲಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 23 ಅಂಗುಲ; ಆದರೆ ಸರಾಸರಿಯೆಂಬ ಮಳೆಯು ಯಾವ ವರ್ಷವೂ ಬೀಳುವದಿಲ್ಲ. ಒಂದು ವರ್ಷ ಹೆಚ್ಚು, ಒಂದು ವರ್ಷ ಅರ್ಧ. ಇದ್ದ ಮಳೆಯಾದರೂ ಬೇಕಾದ ನಕ್ಷತ್ರದಲ್ಲಿ ಬೀಳಬೇಕಲ್ಲವೆ! ಹಿಂಗಾರಿ ಬಿಳಿಜೋಳಕ್ಕೆ ಉತ್ತರಿ, ಹಸ್ತಿ, ಚಿತ್ತಿ ಮಳೆಗಳೇ ಆಧಾರ. ಆ ಮೂರು ಕೈಕೊಟ್ಟರೆ ಮುಂದೆ ಮಾಘದವರೆಗೆ ಹೊಲವನ್ನು ನೋಡುತ್ತ ಕುಳಿತುಕೊಳ್ಳುವದಲ್ಲದೆ ಬೇರೆ ಉಪಾಯವಿರಲಿಲ್ಲ. ಬಾಗೇವಾಡಿ ಮುದ್ದೇಬಿಹಾಳಗಳ ಕಡೆ ಹರಿದು, ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಸೇರುವ ಡೋಣಿ ನದಿಯನ್ನು ಕುರಿತು ಹಿರಿಯರಲ್ಲಿ ಒಂದು ಮಾತು ರೂಢವಾಗಿತ್ತು: ಡೋಣಿಯ ಹೊಲಗಳು ಬೆಳೆದರೆ ಉಂಡು ತೀರಿಸುವವರು ಯಾರು, ಬೆಳೆಯದಿದ್ದರೆ ಉಳಿದು ಉಣ್ಣುವವರು ಯಾರು ಎಂದು. ಎರಡು ಬದಿಗಳುಳ್ಳ ಕವಡೆಯನ್ನು ಎಸೆಯುವವನ ಮಾತಿಗೂ ಈ ಮಾತಿಗೂ ಹೆಚ್ಚಿನ ಅಂತರವಿಲ್ಲ. ಬಿತ್ತುವ ಬೀಜವೇ ಪಣ, ಮುಗಿಲೇ ಪ್ರತಿಸ್ಪರ್ಧಿ.

ಈ ಆಟದಲ್ಲಿ ನಮ್ಮವರು ಸೋತ ಸರಣಿಗಳ ಲೆಕ್ಕವು ಸರಕಾರದ ದಫ್ತರಗಳಲ್ಲಿ ಉಳಿದಿದೆ. 1791-92ರ ಬರವನ್ನು ಜನರು ಡೋಗಿ ಬರವೆಂದು ಕರೆದರು; ಸತ್ತವರನ್ನು ಸುಡುವವರೂ ಹೂಳುವವರೂ ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದ ಕಾರಣ ಆ ಹೆಸರು ಬಂದಿತು. 1876ರಲ್ಲಿ ಮುಂಗಾರಿಯೂ ಹಿಂಗಾರಿಯೂ ಕೂಡಿಯೇ ಕೈಬಿಟ್ಟವು. ಆಗ ನಮ್ಮ ತಾಲೂಕುಗಳು ಕಲಾದಗಿ ಕಲೆಕ್ಟರೇಟಿಗೆ ಸೇರಿದ್ದವು. ಹಸಿವೆಯಿಂದಲೂ, ಅದರ ಬೆನ್ನಿಗೆ ಬಂದ ಕಾಲರಾ ಮತ್ತು ಜ್ವರಗಳಿಂದಲೂ, ಊರು ಬಿಟ್ಟುಹೋದವರು ಹಿಂದಿರುಗದುದರಿಂದಲೂ, 1872ರ ಖಾನೇಸುಮಾರಿಗೂ 1881ರದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು. ಮತ್ತೆ ಚೇತರಿಸಿಕೊಳ್ಳುವಷ್ಟರಲ್ಲಿ 1896-97ರ ಬರ. ಅದರಿಂದ ತಲೆಯೆತ್ತುವ ಮೊದಲೇ 1899-1900ರದು. ನಾಲ್ಕೇ ವರ್ಷಗಳಲ್ಲಿ ಎರಡು! 1891ರಲ್ಲಿ ಸುಮಾರು 7 ಲಕ್ಷ 96 ಸಾವಿರವಿದ್ದ ವಿಜಾಪುರ ಜಿಲ್ಲೆಯ ಜನಸಂಖ್ಯೆಯು 1901ಕ್ಕೆ 7 ಲಕ್ಷ 35 ಸಾವಿರಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾದ ಊರುಗಳು ಅರವತ್ತು ಸಾವಿರ ಜನರನ್ನು ಕಳೆದುಕೊಂಡವು.

ಇಲ್ಲಿ ನಮಗೆ ಮುಖ್ಯವಾದ ಪ್ರಶ್ನೆಯು ಏಳುವದು. ಇಷ್ಟು ಸೋತವರು ಮತ್ತೆ ಉತ್ತರಿ ಮಳೆಗೆ ಕೂರಿಗೆಯನ್ನು ಹೂಡಿದುದು ಹೇಗೆ? ಮೇಲಿಂದ ಮೇಲೆ ಸೋತ ಜೂಜುಗಾರನು ಬುದ್ಧಿಯನ್ನು ಕಳೆದುಕೊಂಡು ಇದ್ದುದೆಲ್ಲವನ್ನೂ ಹಲಗೆಯ ಮೇಲೆ ಸುರಿಯುವನು. ಮೇಲಿಂದ ಮೇಲೆ ಸೋತ ಒಕ್ಕಲಿಗನು ಬಹುಮಟ್ಟಿಗೆ ಹಾಗೆ ಮಾಡಲಿಲ್ಲ. ಅವನು ಹೆಚ್ಚು ಧೀರನಾಗಿದ್ದನೆಂದು ಹೇಳಿ ಕೈತೊಳೆದುಕೊಳ್ಳುವದು ಸುಲಭ. ಅದು ನಿಜವಲ್ಲವೆಂದು ನಮ್ಮ ಅಭಿಪ್ರಾಯ. ಧೈರ್ಯವು ಜೂಜುಗಾರನಿಗೂ ಬೇಕಾದಷ್ಟಿರುತ್ತದೆ, ಬೇಕಾದುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಭೇದವಿರುವದು ಆಟದ ಕಟ್ಟಿನಲ್ಲಿ.

ಮೊದಲನೆಯದಾಗಿ, ಮಳೆಯು ಎರಡು ಎಸೆತಗಳ ನಡುವೆ ಒಂದು ವರ್ಷದ ಅಂತರವನ್ನು ತಾನಾಗಿಯೇ ಇಡುವದು. ಆಶ್ವಿನದಲ್ಲಿ ಸೋತವನು ಕಾರ್ತಿಕದಲ್ಲಿ ಮತ್ತೆ ಬಿತ್ತಿ ಕಳೆದುದನ್ನು ಗೆಲ್ಲುವೆನೆಂದರೆ ನೆಲವು ಒಪ್ಪುವದಿಲ್ಲ. ಆ ಒಂದು ವರ್ಷದಲ್ಲಿ ಕೋಪವು ಇಳಿಯುವದು, ಲೆಕ್ಕವು ತಿಳಿಯುವದು, ಮಗಳ ಮದುವೆಯನ್ನು ಮುಂದಕ್ಕೆ ಹಾಕುವ ನಿಶ್ಚಯವಾಗುವದು, ಎತ್ತಿನ ಜೋಡಿಯಲ್ಲಿ ಒಂದನ್ನು ಮಾರುವದೋ ಬೇಡವೋ ಎಂಬ ಮಾತು ಮನೆಯಲ್ಲಿ ಹತ್ತು ಸಲ ಬಂದುಹೋಗುವದು. ಎರಡನೆಯದಾಗಿ, ಪಣಕ್ಕೆ ಒಂದು ಮೇರೆಯಿತ್ತು. ಮನೆಯ ಮುಂದೆಯೋ ಊರ ಬಯಲಲ್ಲಿಯೋ ನೆಲದೊಳಗೆ ತೋಡಿದ ಹಗೇವಿನಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ಅದು ಬೇಗನೆ ಕೈಗೆ ಬಾರದು. ತೆಗೆಯಬೇಕಾದರೆ ನಾಲ್ಕು ಜನರು ಕೂಡಬೇಕು, ಒಳಗಿನ ಕೆಟ್ಟ ಗಾಳಿಯು ಹೋಗುವವರೆಗೆ ಕಾಯಬೇಕು. ಬೀಜದ ಜೋಳವನ್ನಂತೂ ಬೇರೆಯಾಗಿ ಕಟ್ಟಿಡುವರು. ಅದನ್ನು ಮುಟ್ಟುವ ಅಧಿಕಾರವು ಹಸಿದ ಹೊತ್ತಿನ ಮನಸ್ಸಿಗೆ ಇರಬಾರದೆಂದು, ತುಂಬಿದ ಹೊಟ್ಟೆಯ ಹೊತ್ತಿನಲ್ಲಿಯೇ ಕಟ್ಟು ಮಾಡಿದ್ದರು. ಹೊಲದಲ್ಲಿಯೂ ಹಾಗೆಯೇ: ಜೋಳದ ನಡುವೆ ಕಡಲೆ ಕುಸುಬೆಗಳ ಅಕ್ಕಡಿ ಸಾಲುಗಳನ್ನು ಹಾಕುವದರಿಂದ ಒಂದು ಕೈಬಿಟ್ಟರೂ ಇನ್ನೊಂದು ಸ್ವಲ್ಪವಾದರೂ ಕೈಹಿಡಿಯುವದು.

ಮೂರನೆಯ ಸಂಗತಿಯೇ ಎಲ್ಲಕ್ಕಿಂತ ದೊಡ್ಡದೆಂದು ತೋರುತ್ತದೆ. ಹೊಲದ ಸೋಲು ಗುಟ್ಟಿನದಲ್ಲ. ಒಣಗಿದ ಬೆಳೆಯನ್ನು ಹಾದಿಹೋಕನೂ ನೋಡುವನು. ಬದುವಿನಾಚೆಯವನ ಬೆಳೆಯೂ ಹಾಗೆಯೇ ಒಣಗಿರುವದು. ಮಳೆ ತಡವಾದಾಗ ನಮ್ಮ ಹಳ್ಳಿಗಳಲ್ಲಿ ಗುರ್ಜಿಯಾಡುವ ಪದ್ಧತಿಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರೊಟ್ಟಿಯ ಹಂಚಿನ ಮೇಲೆ ಗುರ್ಜಿಯ ಮೂರ್ತಿಯನ್ನಿಟ್ಟು ಹುಡುಗನೊಬ್ಬನ ತಲೆಯ ಮೇಲೆ ಹೊರಿಸುವರು. ಅವನು ಮನೆಮನೆಯ ಮುಂದೆ ನಿಂತು ತಿರುಗುವಾಗ ಮನೆಯವರು ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುವರು. ಕೂಡಿದುದನ್ನು ಬೇಯಿಸಿ ಎಲ್ಲರೂ ಕಲೆತು ಉಣ್ಣುವರು. ಇದರಿಂದ ಮಳೆ ಬರುವದೋ ಇಲ್ಲವೋ ಎಂದು ತರ್ಕಿಸುವವರು ತರ್ಕಿಸಲಿ. ಇದ್ದವನ ಮನೆಯ ಹಿಟ್ಟೂ ಇಲ್ಲದವನ ಮನೆಯ ಹಿಟ್ಟೂ ಒಂದೇ ಪಾತ್ರೆಯಲ್ಲಿ ಬೆಂದವೆಂಬುದನ್ನೂ, ಊರೆಲ್ಲ ಸೋತಿದೆಯೆಂಬ ಮಾತು ಹಾಡಾಗಿ ಬೀದಿಯಲ್ಲಿ ತಿರುಗಿತೆಂಬುದನ್ನೂ ಇತಿಹಾಸಕಾರನು ಬರೆದುಕೊಳ್ಳಬೇಕು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯೂ ಇಂಥದೇ. ಬೆಳೆಯು ಚೆನ್ನಾಗಿದ್ದರೂ ಚರಗವುಂಟು, ಕೃಶವಾಗಿದ್ದರೂ ಉಂಟು. ಬುತ್ತಿಯು ಸಣ್ಣದಾಗಬಹುದು, ಅಷ್ಟೇ.

ಇದನ್ನೆಲ್ಲ ಹೇಳಿ ನಾವು ಬರಗಾಲವನ್ನು ಸಿಂಗರಿಸಲು ಹೊರಟಿಲ್ಲ. 1876ರಲ್ಲಿ ಹಗೇವುಗಳು ಬರಿದಾದ ಮೇಲೆ ಈ ಕಟ್ಟುಗಳಾವುವೂ ಜೀವಗಳನ್ನು ಉಳಿಸಲಿಲ್ಲ. ಪರಿಹಾರದ ಕೆಲಸಗಳಲ್ಲಿ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಬೇಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಮಾಡಿದ ನಿರ್ಣಯವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುವದು. ಸಾಲವೆಂಬ ಬಾಗಿಲು ತೆರೆದಲ್ಲಿ ನಮ್ಮ ಒಕ್ಕಲಿಗನೂ ಜೂಜುಗಾರನಂತೆಯೇ ನಡೆದುದುಂಟು: ಈ ವರ್ಷದ ನಷ್ಟವನ್ನು ಬರುವ ವರ್ಷದ ರಾಶಿಯಿಂದ ತುಂಬುವೆನೆಂದು ಭೂಮಿಯನ್ನೇ ಒತ್ತೆಯಿಟ್ಟನು. 1883 ಮತ್ತು 1884ರ ತಗಾವಿ ಕಾಯದೆಗಳು ಬಂದುದು ಇಂಥ ಅನುಭವದ ಮೇಲೆಯೇ. ನಾವು ಹೇಳುವದಿಷ್ಟೇ: ಅಂತರ, ಮೇರೆ, ಬಹಿರಂಗತೆ, ಈ ಮೂರು ಇದ್ದಷ್ಟು ಕಾಲ ಮನಸ್ಸು ಮುರಿಯಲಿಲ್ಲ.

ಈಗ ನೆತ್ತದ ಹಲಗೆಯ ಕಡೆಗೆ ತಿರುಗೋಣ. ಅಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಧರ್ಮರಾಯನ ದ್ಯೂತವನ್ನು ಪಂಪನೂ ಕುಮಾರವ್ಯಾಸನೂ ಕನ್ನಡದಲ್ಲಿ ಹಾಡಿರುವದರಿಂದ ಕಥೆಯನ್ನು ಮತ್ತೆ ಹೇಳುವ ಅವಶ್ಯಕತೆಯಿಲ್ಲ. ಮೂಲಭಾರತದಲ್ಲಿ ಪಣಗಳು ಏರಿದ ಕ್ರಮವನ್ನು ಮಾತ್ರ ಗಮನಿಸಬೇಕು. ಮುತ್ತಿನ ಹಾರದಿಂದ ಮೊದಲಾಗಿ ಚಿನ್ನ, ರಥ, ದಾಸದಾಸಿಯರು, ಆನೆ ಕುದುರೆಗಳು, ಭಂಡಾರ, ದನಕರುಗಳು, ರಾಜ್ಯ, ನಕುಲ ಸಹದೇವರು, ಅರ್ಜುನ ಭೀಮರು, ತಾನು, ದ್ರೌಪದಿ! ಪ್ರತಿಯೊಂದು ಎಸೆತಕ್ಕೂ ಶಕುನಿಯು ಗೆದ್ದೆನೆನ್ನುವನು. ಅದರ ಬೆನ್ನಿಗೇ ಧರ್ಮರಾಯನು ಇನ್ನೊಂದನ್ನು ಎಣಿಸುವನು. ನಡುವೆ ಒಂದು ಉಸಿರಿನ ಅವಕಾಶವೂ ಇಲ್ಲ. ವಿದುರನು ಹೇಳಿದ ವಿವೇಕದ ಮಾತು ಸಭೆಗೆ ಮುಟ್ಟಿತು, ಆಟಕ್ಕೆ ಮುಟ್ಟಲಿಲ್ಲ. ಇದಕ್ಕಿಂತಲೂ ವಿಚಿತ್ರವಾದುದು ಮುಂದಿನದು. ಧೃತರಾಷ್ಟ್ರನು ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳುಹಿಸಿದ ಮೇಲೆ, ಇಂದ್ರಪ್ರಸ್ಥದ ದಾರಿಯಲ್ಲಿ ದೂತನು ಬಂದು ಮತ್ತೆ ಆಟಕ್ಕೆ ಕರೆದಾಗ, ಫಲವನ್ನು ಬಲ್ಲವನಾಗಿಯೂ ಅವನು ಹಿಂದಿರುಗಿದನು. ಇದನ್ನು ಕ್ಷತ್ರಿಯಧರ್ಮವೆಂದೂ ವಿಧಿಯೆಂದೂ ವ್ಯಾಖ್ಯಾನಿಸುವ ರೂಢಿಯಿದೆ. ಇರಬಹುದು. ಆದರೆ ಇಡೀ ದಿನ ಸೋತವನಿಗೆ ರಾತ್ರಿ ಒಂದು ಕರೆ ಬಂದರೆ ಅವನು ಏಳದಿರುವದು ಎಷ್ಟು ಕಷ್ಟವೆಂಬುದನ್ನು ವ್ಯಾಸರು ಬಲ್ಲವರಾಗಿದ್ದರೆಂದು ತಿಳಿದರೆ ಭಾರತಕ್ಕೆ ಕುಂದೇನೂ ಬಾರದು.

ಈಚಿನ ಶಾಸ್ತ್ರಜ್ಞರು ಈ ಮನಃಸ್ಥಿತಿಯನ್ನು ಬಿಡಿಸಿ ತೋರಿಸಿದ್ದಾರೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನು 1814ರಲ್ಲಿ ಪ್ರಕಟಿಸಿದ ಸಂಭಾವ್ಯತೆಯ ಗ್ರಂಥದಲ್ಲಿ, ಬಹುಕಾಲ ಬಾರದಿದ್ದ ಲಾಟರಿ ಸಂಖ್ಯೆಯು ಇನ್ನು ಬಂದೇ ಬರುವದೆಂದು ಜನರು ಅದರ ಮೇಲೆಯೇ ಹಣ ಸುರಿಯುವ ಭ್ರಮೆಯನ್ನು ವರ್ಣಿಸಿದನು. 1913ನೆಯ ಆಗಸ್ಟ 18ರಂದು ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ತಿರುಗುವ ಚಕ್ರದ ಗುಂಡು 26 ಸಲ ಒಂದೇ ಸಮನೆ ಕಪ್ಪು ಮನೆಯಲ್ಲಿ ಬಿದ್ದಾಗ, ಇನ್ನು ಕೆಂಪು ಬರಲೇಬೇಕೆಂದು ನಂಬಿದವರು ಅಪಾರ ಹಣವನ್ನು ಕಳೆದುಕೊಂಡರು. ಗುಂಡಿಗೆ ನೆನಪಿಲ್ಲ, ನೆನಪಿರುವದು ಆಡುವವನಿಗೆ. ಸೋತಷ್ಟನ್ನು ಇಮ್ಮಡಿಸಿ ಆಡಿದರೆ ಒಮ್ಮೆಯಾದರೂ ಗೆದ್ದು ಎಲ್ಲವನ್ನೂ ತುಂಬಿಕೊಳ್ಳಬಹುದೆಂಬ ಉಪಾಯವನ್ನು ಪ್ರತಿಯೊಬ್ಬ ಜೂಜುಗಾರನೂ ತಾನೇ ಕಂಡುಹಿಡಿದೆನೆಂದು ಭಾವಿಸುವನು. ಹತ್ತು ರೂಪಾಯಿಯಿಂದ ಆರಂಭಿಸಿ ಎಂಟು ಸಲ ಸೋತರೆ ಹೋದುದು 2,550 ರೂಪಾಯಿ. ಒಂಬತ್ತನೆಯ ಪಣಕ್ಕೆ 2,560 ಬೇಕು. ಅದು ಗೆದ್ದರೆ ಒಟ್ಟಿಗೆ ಬರುವ ಲಾಭವು ಹತ್ತೇ ರೂಪಾಯಿ. ಸಮವಾದ ಆಟದಲ್ಲಿಯೂ 256ರಲ್ಲಿ ಒಂದು ಸಲ ಎಂಟು ಸೋಲುಗಳು ಕೂಡಿಯೇ ಬರುವವು. ಡ್ಯಾನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಂದ ನಷ್ಟವನ್ನು ಮನಸ್ಸಿನಲ್ಲಿ ಒಪ್ಪಿಕೊಳ್ಳದವನು ತಾನು ಎಂದೂ ಕೈಹಾಕದಂಥ ಪಣಗಳಿಗೂ ಕೈಹಾಕುವನೆಂದು ಹೇಳಿದರು. ಅಮೇರಿಕದಿಂದ ಹಬ್ಬಿದ ಪೋಕರ್ ಎಂಬ ಎಲೆಯಾಟದವರಲ್ಲಿ ಇದಕ್ಕೆ ‘ಟಿಲ್ಟ್’ ಎಂಬ ಪರಿಭಾಷೆಯೇ ಉಂಟು. ಗುಂಡಿನ ಯಂತ್ರವನ್ನು ಆಡುವವನು ಸಿಟ್ಟಿನಿಂದ ಅಲುಗಿಸಿದರೆ ಯಂತ್ರವು ಕೆಟ್ಟು ನಿಲ್ಲುತ್ತಿದ್ದುದರಿಂದ ಬಂದ ಮಾತು ಅದು. ಪೋಕರಿನಂಥ ಆಟಗಳಲ್ಲಿ ಕೌಶಲವೂ ಇರುವದರಿಂದ ಸೋತವನ ಸಂಕಟವು ಇನ್ನೂ ಹೆಚ್ಚು. ಬರೇ ಕವಡೆಯಾದರೆ ದೈವವನ್ನು ಬೈದು ಏಳಬಹುದು. ಇಲ್ಲಿ ಚೆನ್ನಾಗಿ ಆಡಿದವನೂ ತಿಂಗಳುಗಟ್ಟಲೆ ಸೋಲಬಲ್ಲನು, ಮತ್ತು ಆ ಸೋಲು ದೈವದ್ದೋ ತನ್ನದೋ ಎಂದು ತಿಳಿಯದೆ ರಾತ್ರಿಯೆಲ್ಲ ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಳ್ಳುವನು.

ನಮ್ಮ ನಾಡನ್ನಾಳಿದವರು ಆಟವನ್ನು ಬಲ್ಲವರೇ ಆಗಿದ್ದರು. ಕಲ್ಯಾಣದ ಚಾಲುಕ್ಯ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸದ ಕ್ರೀಡಾವಿಂಶತಿಯಲ್ಲಿ ಚದುರಂಗ, ಪಗಡೆ, ಕವಡೆಗಳ ಆಟಗಳಿಗೆಲ್ಲ ಸ್ಥಾನವುಂಟು. ಅಲ್ಲಿ ಆಟವು ರಾಜನ ವಿನೋದ. ಸೋತರೆ ಭಂಡಾರದ ಒಂದು ಮೂಲೆ ಖಾಲಿಯಾಗಬಹುದು, ಅಡಿಗೆಮನೆಯಲ್ಲ. ಅದೇ ಶತಮಾನದಲ್ಲಿ ಬಾಗೇವಾಡಿಯಿಂದ ಕಲ್ಯಾಣಕ್ಕೆ ಹೋದ ಬಸವಣ್ಣನವರೂ ಅವರ ಒಡನಾಡಿಗಳೂ ಕಾಯಕದಿಂದ ಬಂದುದೇ ಶುದ್ಧವಾದ ದ್ರವ್ಯವೆಂದು ಸಾರಿದುದು ಪ್ರಸಿದ್ಧವೇ ಆಗಿದೆ. ಆದರೂ ಶರಣರು ಗೌರವಿಸಿದ ಅರವತ್ತುಮೂವರು ಪುರಾತನರಲ್ಲಿ ಮೂರ್ಖ ನಾಯನಾರನೆಂಬ ಜೂಜುಗಾರನೊಬ್ಬನಿರುವದು ಕುತೂಹಲಕರವಾಗಿದೆ. ಶಿವಭಕ್ತರಿಗೆ ಅನ್ನವನ್ನಿಕ್ಕಿ ಆಸ್ತಿಯೆಲ್ಲ ತೀರಿದ ಬಳಿಕ ಅವನು ಜೂಜಾಡಿ ಬಂದ ಹಣದಿಂದ ಆ ದಾಸೋಹವನ್ನು ಮುಂದುವರಿಸಿದನಂತೆ. ಗೆದ್ದ ದ್ರವ್ಯವನ್ನು ತನಗಾಗಿ ಮುಟ್ಟಲಿಲ್ಲವಂತೆ. ತನ್ನದೆಂಬುದು ಇಲ್ಲದವನಿಗೆ ಸೋಲು ಹತ್ತುವದು ಹೇಗೆ! ಸೋತೂ ಕೊಡದವರನ್ನು ಅವನು ಕತ್ತಿಯಿಂದ ತಿವಿಯುತ್ತಿದ್ದನೆಂದೂ ಪುರಾಣವು ಹೇಳುವದರಿಂದ, ಅವನ ಮಾರ್ಗವನ್ನು ಗೃಹಸ್ಥರು ಹಿಡಿಯದಿರುವದೇ ಲೇಸು.

ಆಂಗ್ಲರ ಆಳಿಕೆಯಲ್ಲಿ 1887ರ ಮುಂಬಯಿ ಜೂಜು ನಿಷೇಧದ ಕಾಯದೆಯು ನಮ್ಮ ತಾಲೂಕುಗಳಿಗೂ ಅನ್ವಯಿಸಿತು. ಆ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆವು. ಕಲಕತ್ತೆಯ ಬಡಾಬಜಾರದಲ್ಲಿ, ಇಂತಿಷ್ಟು ಹೊತ್ತಿನಲ್ಲಿ ಮಾಳಿಗೆಯ ದೋಣಿಯಿಂದ ನೀರು ಹರಿದು ಬೀಳುವಷ್ಟು ಮಳೆಯಾಗುವದೋ ಇಲ್ಲವೋ ಎಂದು ಹಣ ಕಟ್ಟಿ ಆಡುವ ಜೂಜು ಪ್ರಬಲವಾಗಿತ್ತು. ಅದನ್ನು ಬಂಗಾಲ ಸರಕಾರವು 1897ರಲ್ಲಿ ಕಾಯದೆಯಿಂದ ನಿಲ್ಲಿಸಿತು. ಅದೇ 1897ರಲ್ಲಿ ಸಿಂದಗಿ ಇಂಡಿಗಳ ಒಕ್ಕಲಿಗನು ಅದೇ ಮುಗಿಲಿಗೆ ಕಟ್ಟಿದ ಪಣವನ್ನು ಸೋತು ಪರಿಹಾರದ ಕೆಲಸಗಳಲ್ಲಿ ಕಲ್ಲು ಒಡೆಯುತ್ತಿದ್ದನು. ಅವನ ಆಟವನ್ನು ನಿಲ್ಲಿಸುವ ಕಾಯದೆಯು ಯಾವ ಸರಕಾರದಲ್ಲಿಯೂ ಇರಲಿಲ್ಲ.

ಮುಂದೆ ಮುಂಬಯಿಯಿಂದ ಮಟಕಾ ಬಂದಿತು. ಅದರ ಮೂಲವನ್ನು ಕೇಳಿದರೆ ನಮ್ಮ ಹತ್ತಿ ಬೆಳೆಗಾರರಿಗೆ ಸೋಜಿಗವಾಗಬಹುದು: ನ್ಯೂಯಾರ್ಕಿನ ಹತ್ತಿಯ ಪೇಟೆಯಿಂದ ತಂತಿಯ ಮೂಲಕ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಮೊದಲು ಹಣ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವದು ನಿಂತಾಗ ಮಣ್ಣಿನ ಗಡಿಗೆಯಲ್ಲಿ ಚೀಟಿಗಳನ್ನು ಹಾಕಿ ಎತ್ತತೊಡಗಿದರು. ಗಡಿಗೆಯ ಹೆಸರೇ ಆಟಕ್ಕೆ ನಿಂತಿತು. ಚೀಟಿಯು ದಿನಕ್ಕೆ ಒಂದೆರಡು ಸಲ ಎದ್ದರೆ ಹೆಚ್ಚು. ಈಗ ಅಂಗೈಯಲ್ಲಿರುವ ಫೋನಿನಲ್ಲಿ ಒಂದು ಗಂಟೆಗೆ ನೂರಾರು ಎಸೆತಗಳು ಸಾಧ್ಯವಾಗಿವೆ. ಮಳೆಯು ಕೊಡುತ್ತಿದ್ದ ವರ್ಷದ ಅಂತರವು ನಿಮಿಷಕ್ಕಿಳಿಯಿತು. ಹಗೇವಿನ ಬಾಯಿಯಂತೆ ತಡೆಯುವ ಕಲ್ಲು ಯಾವುದೂ ಉಳಿಯಲಿಲ್ಲ, ಬ್ಯಾಂಕಿನ ಹಣವೂ ಸಾಲದ ಹಣವೂ ಬೆರಳಿನ ಒಂದೇ ಒತ್ತಿಗೆ ಹರಿಯುವದು. ಸೋಲಂತೂ ಹೊದ್ದ ಕಂಬಳಿಯೊಳಗಿನ ಗುಟ್ಟಾಯಿತು. ಕರ್ನಾಟಕವು 1963ರ ಪೊಲೀಸ್ ಅಧಿನಿಯಮವನ್ನು 2021ರಲ್ಲಿ ತಿದ್ದಿ ಹಣದ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ನೆಯ ಫೆಬ್ರುವರಿ 14ರಂದು ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಅಧಿನಿಯಮವನ್ನು ಮಾಡಿತು. ಕಾಯದೆಯು ಹಲಗೆಯನ್ನು ಮಡಿಸಬಲ್ಲದು. ಈಗಾಗಲೇ ಸೋತು, ತಂದೆಗೂ ಹೆಂಡತಿಗೂ ಹೇಳಲಾರದೆ, ಇನ್ನೊಂದು ಸಲ ಆಡಿ ತುಂಬಿಬಿಡುವೆನೆಂದು ಕುಳಿತ ತರುಣನ ಹತ್ತಿರ ಅದು ಹೋಗಿ ಕೂಡಲಾರದು. ಅಂಥವನು ಸಾಯುವ ಮಾತನ್ನು ಆಡಿದರೆ ಮನೆಯವರು ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ಧಾರವಾಡದಲ್ಲಿ 1845ರಿಂದಲೂ ಮಾನಸಿಕ ಚಿಕಿತ್ಸೆಯ ಸಂಸ್ಥೆಯಿದೆ. 2022ರಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಲಹೆ ಕೊಡುವ ಸರಕಾರದ ವ್ಯವಸ್ಥೆಯೂ ಇದೆ. ಸಾಲದ ಮೊತ್ತವು ಮನೆಯಲ್ಲಿ ಬಾಯಿಬಿಟ್ಟು ಹೇಳಿದ ದಿನವೇ ಅರ್ಧ ಹಗುರಾಗುವದನ್ನು ನಾವು ಬಲ್ಲ ಮನೆತನಗಳಲ್ಲಿ ಕಂಡಿದ್ದೇವೆ.

ಸೋತವನ ಕಡೆಗೆ ಹೋಗಿ ಕುಳಿತುಕೊಳ್ಳುವ ಈ ಕೆಲಸವನ್ನು ಭಾರತದಲ್ಲಿ ಮಾಡಿದವನು ಬೃಹದಶ್ವ ಮುನಿ. ವನವಾಸದಲ್ಲಿ ಧರ್ಮರಾಯನು ತನಗಿಂತ ಭಾಗ್ಯಹೀನನನ್ನು ಎಲ್ಲಿಯಾದರೂ ಕಂಡಿರುವಿರಾ ಎಂದು ಕೇಳಿದನು. ಮುನಿಯು ಜೂಜಿನ ದೋಷಗಳನ್ನು ಉಪದೇಶಿಸದೆ ನಳನ ಕಥೆಯನ್ನು ಆರಂಭಿಸಿದನು. ನಮ್ಮ ಮನೆಗಳಲ್ಲಿ ಈ ಕಥೆಯು ಕನಕದಾಸರ ನಳಚರಿತ್ರೆಯಿಂದ ಪರಿಚಿತವಾಗಿದೆ. ಅದಕ್ಕೂ ಮೊದಲು ರಾಷ್ಟ್ರಕೂಟರ ಮೂರನೆಯ ಇಂದ್ರನ ಆಶ್ರಯದಲ್ಲಿದ್ದ ತ್ರಿವಿಕ್ರಮಭಟ್ಟನು ಸಂಸ್ಕೃತದಲ್ಲಿ ನಳಚಂಪುವನ್ನು ಬರೆದನು. ಅಪೂರ್ಣವಾಗಿ ಉಳಿದ ಆ ಕಾವ್ಯವು ನಳನು ದೇವತೆಗಳ ದೂತನಾಗಿ ದಮಯಂತಿಯನ್ನು ಕಂಡಲ್ಲಿಗೇ ನಿಲ್ಲುವದು, ಜೂಜಿನವರೆಗೆ ಬರುವದೇ ಇಲ್ಲ. ಕವಿಗೆ ಮುಂದಿನದು ಬೇಡವಾಯಿತೋ ಏನೋ!

ನಳನು ಪುಷ್ಕರನೊಡನೆ ಆಡಿದುದು ಒಂದು ದಿನವಲ್ಲ, ಅನೇಕ ತಿಂಗಳು. ಪುರಜನರು ಮಂತ್ರಿಗಳೊಡನೆ ಬಾಗಿಲಿಗೆ ಬಂದು ನಿಂತರೂ ಅವನು ಮಾತನಾಡಲಿಲ್ಲ. ಆಗ ದಮಯಂತಿಯು ಮಾಡಿದ ಕೆಲಸವನ್ನು ಬಹಳ ಜನರು ಗಮನಿಸುವದಿಲ್ಲ. ಆಟವನ್ನು ನಿಲ್ಲಿಸುವದು ತನ್ನಿಂದಾಗದೆಂದು ಕಂಡ ಕೂಡಲೆ ಅವಳು ಸಾರಥಿ ವಾರ್ಷ್ಣೇಯನನ್ನು ಕರೆಸಿ, ಮಕ್ಕಳಿಬ್ಬರನ್ನೂ ರಥದಲ್ಲಿ ಕುಳ್ಳಿರಿಸಿ ತವರೂರಾದ ಕುಂಡಿನಪುರಕ್ಕೆ ಕಳುಹಿಸಿಬಿಟ್ಟಳು. ಬೀಜದ ಜೋಳವನ್ನು ಕಟ್ಟಿಡುವ ನಮ್ಮ ತಾಯಂದಿರಿಗೆ ಈ ಬುದ್ಧಿಯ ಬೆಲೆಯು ತಿಳಿಯುವದು. ಎಲ್ಲವನ್ನೂ ಸೋತ ಬಳಿಕ ಪುಷ್ಕರನು ನಕ್ಕು, ಇನ್ನು ದಮಯಂತಿಯೊಬ್ಬಳೇ ಉಳಿದಿರುವಳು, ಅವಳನ್ನು ಪಣಕ್ಕಿಡು ಎಂದನು. ನಳನು ಉತ್ತರ ಕೊಡದೆ ಒಡವೆಗಳನ್ನು ಕಳಚಿಟ್ಟು ಒಂದೇ ಬಟ್ಟೆಯಲ್ಲಿ ಹೊರನಡೆದನು. ಧರ್ಮರಾಯನು ನಿಲ್ಲದ ಸ್ಥಳದಲ್ಲಿ ಅವನು ನಿಂತನು.

ಅಲ್ಲಿಂದ ಮುಂದೆ ಅಂತರದ ಕಾಲ. ಕುರೂಪಿಯಾದ ಬಾಹುಕನಾಗಿ, ಅಯೋಧ್ಯೆಯ ಋತುಪರ್ಣನಲ್ಲಿ ಕುದುರೆಗಳನ್ನು ನೋಡಿಕೊಂಡು ವರ್ಷಗಟ್ಟಲೆ ಕೆಲಸ ಮಾಡಿದನು. ತಾನು ಬಲ್ಲ ಕಾಯಕವನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ವಿದರ್ಭದ ದಾರಿಯಲ್ಲಿ ಋತುಪರ್ಣನು ತಾರೆಯ ಮರವೊಂದನ್ನು ನೋಡಿ, ಕ್ಷಣಮಾತ್ರದಲ್ಲಿ ಅದರ ಎರಡು ಕೊಂಬೆಗಳಲ್ಲಿ 2,095 ಹಣ್ಣುಗಳಿವೆಯೆಂದು ಹೇಳಿದನು. ನಳನು ನಂಬಲಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಒಂದೊಂದಾಗಿ ಎಣಿಸಿದನು, ಲೆಕ್ಕವು ಸರಿಯಾಗಿತ್ತು. ಆಗ ತನ್ನ ಅಶ್ವವಿದ್ಯೆಯನ್ನು ಕೊಡಲೊಪ್ಪಿ ಅವನಿಂದ ಅಕ್ಷಹೃದಯವನ್ನು ಪಡೆದನು. ಆ ವಿದ್ಯೆಯು ಒಳಹೊಕ್ಕ ಕೂಡಲೆ ಕಲಿಯು ಅವನ ಮೈಯಿಂದ ಹೊರಬಿದ್ದನು. ತಾರೆಯ ಕಾಯಿಗಳೇ ಪ್ರಾಚೀನರ ನೆತ್ತದ ಕಾಯಿಗಳೆಂಬುದನ್ನು ನೆನೆದರೆ ಈ ಮರದ ಅರ್ಥವು ಸ್ಫುಟವಾಗುವದು. ಕೊಂಬೆಯನ್ನು ನೋಡಿ ಮರವನ್ನು ಅಂದಾಜು ಮಾಡುವ ವಿದ್ಯೆಯೂ ಜೂಜಿನ ವಿದ್ಯೆಯೂ ಒಂದೇ ಎಂದು ಕಥೆಗಾರನು ತಿಳಿದಿದ್ದುದನ್ನು ಸಂಭಾವ್ಯತಾಶಾಸ್ತ್ರದ ಇತಿಹಾಸಕಾರರೂ ಬೆರಗಿನಿಂದ ಉಲ್ಲೇಖಿಸಿರುವರು. ಕಲಿಯನ್ನು ಹೊರಡಿಸಿದುದು ಪಶ್ಚಾತ್ತಾಪವಲ್ಲ, ಲೆಕ್ಕ.

ನಮ್ಮ ಹೊಲಗಳಿಗೂ ಒಂದು ಅಕ್ಷಹೃದಯವು ತಡವಾಗಿಯಾದರೂ ಬಂದಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹ್ತಕ್‌ಗಳಲ್ಲಿ ಒಣಬೇಸಾಯದ ಸಂಶೋಧನೆಯ ಕೇಂದ್ರಗಳು ಸ್ಥಾಪಿತವಾಗಿ, ಬಿದ್ದ ಮಳೆಯೆಷ್ಟು, ಹರಿದುಹೋದುದೆಷ್ಟು, ಮಣ್ಣಿನಲ್ಲಿ ನಿಂತುದೆಷ್ಟು ಎಂದು ಅಳೆಯತೊಡಗಿದವು. ಒಡ್ಡು ಹಾಕುವದು, ಆಳವಾಗಿ ಉಳುವದು, ಸಾಲುಗಳನ್ನು ಅಗಲಿಸಿ ಬೀಜವನ್ನು ಕಡಿಮೆ ಮಾಡುವದು ಎಂಬ ಮುಂಬಯಿ ಪದ್ಧತಿಯು ಆ ಎಣಿಕೆಯಿಂದ ಹುಟ್ಟಿತು. ಮುಗಿಲನ್ನು ಬದಲಿಸುವ ಮಾತು ಅದರಲ್ಲಿರಲಿಲ್ಲ. ಪಣವನ್ನು ಸಣ್ಣದಾಗಿಟ್ಟು ಬಿದ್ದಷ್ಟನ್ನು ಹಿಡಿಯುವದಿತ್ತು.

ನಳನು ಹಿಂದಿರುಗಿ ಪುಷ್ಕರನನ್ನು ಒಂದೇ ಎಸೆತದಲ್ಲಿ ಗೆದ್ದು, ಅವನನ್ನು ಕ್ಷಮಿಸಿ ಕಳುಹಿಸಿದನು. ಆ ಕೊನೆಯ ಆಟದಲ್ಲಿ ಅವನು ದಮಯಂತಿಯನ್ನೂ ಪಣದಲ್ಲಿ ಸೇರಿಸಿದನೆಂದು ಮೂಲದಲ್ಲಿರುವದು ನಮಗೆ ಎಂದೂ ಒಪ್ಪಿಗೆಯಾಗದ ಸಂಗತಿ. ಲೆಕ್ಕವನ್ನು ಬಲ್ಲವನಿಗೂ ಹಳೆಯ ಚಾಳಿಯ ಸೋಂಕು ಉಳಿದಿತ್ತೆಂದೇ ಹೇಳಬೇಕಾಗುತ್ತದೆ. ಕಥೆಯು ಮುಗಿದ ಮೇಲೆ ಬೃಹದಶ್ವನು ಧರ್ಮರಾಯನಿಗೂ ಅಕ್ಷಹೃದಯವನ್ನು ಉಪದೇಶಿಸಿ ಸ್ನಾನಕ್ಕೆ ಹೊರಟುಹೋದನು. ಆ ವಿದ್ಯೆಯನ್ನು ಪಡೆದವನು ಹಸ್ತಿನಾವತಿಗೆ ಹೋಗಿ ಶಕುನಿಯನ್ನು ಆಟಕ್ಕೆ ಕರೆಯಲಿಲ್ಲ. ಒಪ್ಪಿಕೊಂಡ ಹದಿಮೂರು ವರ್ಷಗಳನ್ನು ಎಣಿಸುತ್ತ ಕುಳಿತನು. ಅಜ್ಞಾತವಾಸದ ವರ್ಷದಲ್ಲಿ ವಿರಾಟನ ಆಸ್ಥಾನವನ್ನು ಸೇರುವಾಗ ಅವನು ಆರಿಸಿಕೊಂಡ ಉದ್ಯೋಗವಾದರೂ ಯಾವುದು? ಕಂಕನೆಂಬ ಹೆಸರಿನಿಂದ ಅರಸನೊಡನೆ ನೆತ್ತವಾಡುವದು! ತನ್ನನ್ನು ಕೆಡಿಸಿದ ಹಲಗೆಯ ಮುಂದೆ ದಿನವೂ ಕುಳಿತು, ಗೆದ್ದುದನ್ನು ಗುಟ್ಟಾಗಿ ತಮ್ಮಂದಿರಿಗೆ ಹಂಚುತ್ತಿದ್ದನು. ಗೋಗ್ರಹಣದ ದಿನ, ಮಗ ಉತ್ತರನು ಕೌರವರನ್ನು ಗೆದ್ದನೆಂಬ ಸಂತೋಷದಲ್ಲಿ ವಿರಾಟನು ಆಟಕ್ಕೆ ಕರೆದಾಗ, ಹರ್ಷದಲ್ಲಿರುವವನೊಡನೆ ಆಡಬಾರದೆಂದು ಕಂಕನು ಮೊದಲು ತಡೆದನು. ಆಟದ ನಡುವೆ ಬೃಹನ್ನಳೆಯು ಸಾರಥಿಯಾಗಿದ್ದಾಗ ಗೆಲುವು ಬಾರದಿರುವದು ಹೇಗೆ ಎಂದು ಅವನು ಎರಡೆರಡು ಸಲ ನುಡಿದುದರಿಂದ ಕೋಪಗೊಂಡ ಅರಸನು ಕೈಯೊಳಗಿನ ಕಾಯಿಯನ್ನು ಅವನ ಮುಖಕ್ಕೆ ಬೀಸಿ ಹೊಡೆದನು. ಮೂಗಿನಿಂದ ನೆತ್ತರು ಹರಿಯಿತು. ಅದು ನೆಲಕ್ಕೆ ಬೀಳದಂತೆ ಧರ್ಮರಾಯನು ಅಂಗೈಯಲ್ಲಿ ಹಿಡಿದು ಸೈರಂಧ್ರಿಯ ಕಡೆ ನೋಡಿದನು. ಅವಳು ನೀರು ತುಂಬಿದ ಬಂಗಾರದ ಪಾತ್ರೆಯನ್ನು ತಂದು ಒಡ್ಡಿದಳು. ಅಷ್ಟರಲ್ಲಿ ಉತ್ತರನೂ ಬೃಹನ್ನಳೆಯೂ ಬಾಗಿಲಿಗೆ ಬಂದರೆಂದು ದ್ವಾರಪಾಲಕನು ತಿಳಿಸಿದನು. ಯುದ್ಧದಲ್ಲಲ್ಲದೆ ತನ್ನ ಅಣ್ಣನ ರಕ್ತವನ್ನು ಹರಿಸಿದವನನ್ನು ಅರ್ಜುನನು ಉಳಿಸುವವನಲ್ಲ. ಆದುದರಿಂದ ಧರ್ಮರಾಯನು ಮೆಲ್ಲನೆ ದ್ವಾರಪಾಲಕನ ಕಿವಿಯಲ್ಲಿ, ಉತ್ತರನೊಬ್ಬನನ್ನೇ ಒಳಗೆ ಬಿಡು, ಬೃಹನ್ನಳೆಯನ್ನು ಹೊರಗೇ ನಿಲ್ಲಿಸು ಎಂದನು.